ಸೂಜಿಯ ಮರುದಿನ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆ ಗದ್ದೆಯ ನಾಟಿಗೋ ಹೊಗೆಸೊಪ್ಪಿನ ಹೊಲಕ್ಕೋ ಕೂಲಿಗೆ ಹೋಗುವವರು ಚುಚ್ಚುಮದ್ದೆಂದೊಡನೆ ‘ನಾಳೆ ಕೈ ಎತ್ತಲಾದೀತೆ?’ ಎಂದು ಕೇಳಿದರೆ ಅದು ಅಜ್ಞಾನವಲ್ಲ, ದಿನಗೂಲಿಯ ಲೆಕ್ಕ. ಓದಿದವರು ನಕ್ಕುಬಿಡುವ ಆ ನೋವಿಗೂ ಒಂದು ಚರಿತ್ರೆಯುಂಟು.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು; ಮೈಸೂರೂ ಉಳಿಯಲಿಲ್ಲ. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಆ ದಿನಗಳನ್ನು, ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರಿಗೆ ನಾನು ವಿವರಿಸಬೇಕಾಗಿಲ್ಲ. ಆಗ ಮುಂಬಯಿಯಿಂದ ಬಂದದ್ದು ಹಾಫ್ಕಿನ್ ಸಾಹೇಬನ ಮದ್ದು. ಪ್ಲೇಗಿನ ಕ್ರಿಮಿಗಳನ್ನು ಸಾರಿನಲ್ಲಿ ಬೆಳೆಸಿ, ಕಾಯಿಸಿ ಕೊಂದು ತಯಾರಿಸಿದ್ದು. ಸತ್ತ ಕ್ರಿಮಿಗಳು ರೋಗವನ್ನು ತಡೆಯುತ್ತವೆ, ಸಾರಿನಲ್ಲಿ ಉಳಿದ ಅವುಗಳ ವಿಷ ರೋಗದ ಉಗ್ರತೆಯನ್ನು ತಗ್ಗಿಸುತ್ತದೆ ಎಂಬುದು ಆತನ ಎಣಿಕೆ. ಆದ್ದರಿಂದ ಆ ವಿಷವನ್ನು ಬೇಕೆಂದೇ ಉಳಿಸಿಕೊಂಡ. 1897ರ ಜನವರಿ 10ರಂದು ಮೊದಲು ಚುಚ್ಚಿಕೊಂಡವನೂ ತಾನೇ; ಜ್ವರ, ನೋವುಗಳನ್ನು ತಾನೇ ಅನುಭವಿಸಿದ. ಹಳ್ಳಿಯವರು ಹೇಳುತ್ತಿದ್ದ ಮೈಕೈ ನೋವು ಕಲ್ಪನೆಯಲ್ಲ. ಅದು ಸೀಸೆಯೊಳಗೇ ಇತ್ತು.

ಅಂಜಿಕೆಗೆ ಇನ್ನೂ ಗಟ್ಟಿಯಾದ ಕಾರಣ 1902ರಲ್ಲಿ ಒದಗಿತು. ಪಂಜಾಬಿನ ಮುಲ್ಕೋವಾಲದಲ್ಲಿ ಒಂದೇ ಸೀಸೆಯ ಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ದೋಷ ಹಾಫ್ಕಿನ್ನನದಲ್ಲವೆಂದು ಸ್ಥಿರಪಡುವಷ್ಟರಲ್ಲಿ 1907 ಬಂದಿತ್ತು.

ಧನುರ್ವಾಯುವಿನ ಮದ್ದಿನ ಕಥೆ ಇನ್ನೂ ವಿಚಿತ್ರ. 1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ಬರ್ಲಿನ್ನಿನಲ್ಲಿ ತೋರಿಸಿದ ದಾರಿಯಲ್ಲಿ, ಕುದುರೆಗೆ ರೋಗವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದ ತಿಳಿಯನ್ನು ಮನುಷ್ಯನಿಗೆ ಕೊಟ್ಟರು. ಜೀವಗಳು ಉಳಿದವು. ಆದರೆ ಎಂಟು ಹತ್ತು ದಿನಗಳ ಮೇಲೆ, ಗಂಡಾಂತರ ಕಳೆಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ, ಕೆಲವರಿಗೆ ಜ್ವರ ಬರುತ್ತಿತ್ತು, ಮೈಮೇಲೆ ದದ್ದು ಏಳುತ್ತಿತ್ತು, ಕೀಲುಗಳು ಊದಿ ನೋಯುತ್ತಿದ್ದುವು. 1905ರಲ್ಲಿ ಪಿರ್ಕೆ ಮತ್ತು ಷಿಕ್ ಇದರ ಗುಟ್ಟನ್ನು ಬಿಡಿಸಿದರು. ತಪ್ಪು ರೋಗವಿಷದ್ದಲ್ಲ, ಕುದುರೆಯದು. ಪರಕೀಯವಾದ ಕುದುರೆಯ ಪ್ರೋಟೀನಿನ ಮೇಲೆ ಶರೀರ ದಂಡೆತ್ತಿ ಹೋಗುತ್ತದೆ. ಆ ಕಾಳಗದ ಅವಶೇಷಗಳು ಕೀಲುಗಳಲ್ಲಿ ಬಂದು ತಂಗುತ್ತವೆ. ಸೈನ್ಯ ಕಟ್ಟಲು ದಿನಗಳು ಬೇಕು, ಆದ್ದರಿಂದಲೇ ಆ ತಡ. ಸಾಮಾನ್ಯವಾಗಿ ನೋವು ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

1920ರ ದಶಕದಲ್ಲಿ ಫ್ರಾನ್ಸಿನ ರಾಮೋನ್ ವಿಷವನ್ನೇ ಫಾರ್ಮಲಿನ್ನಿನಿಂದ ಪಳಗಿಸಿದ. ನಮ್ಮ ಆಸ್ಪತ್ರೆಗಳಲ್ಲಿ ‘ಟಿ.ಟಿ.’ ಎಂದು ಹೆಸರಾದದ್ದು ಅದೇ. ಕುದುರೆಯ ಹಂಗು ತಪ್ಪಿತು. ಉಳಿದದ್ದು ಒಂದೆರಡು ದಿನದ ತೋಳುನೋವು, ಕೆಲವರಿಗೆ ಮೈ ಭಾರ, ಅಪರೂಪಕ್ಕೆ ಕೀಲುನೋವು. ಬಾಣಂತಿಯ ಕೋಣೆಯಿಂದ ಎಳೆಗೂಸುಗಳನ್ನು ಒಯ್ಯುತ್ತಿದ್ದ ಧನುರ್ವಾಯು 2015ರ ವೇಳೆಗೆ ದೇಶದ ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಗಳಿಗೆ ಒಂದಕ್ಕಿಂತ ಕಡಿಮೆಯಾಯಿತು. ಅದರ ಬೆಲೆಯಾಗಿ ತಾಯಿ ತೆತ್ತದ್ದು ಬಹುಮಟ್ಟಿಗೆ ಒಂದು ದಿನದ ತೋಳುನೋವು. ಇಷ್ಟನ್ನು ಅವಳಿಗೆ ಮೊದಲೇ ಹೇಳುವುದಕ್ಕೆ ನಾವೇಕೆ ಹಿಂಜರಿಯುತ್ತೇವೋ ನಾನರಿಯೆ.

ಕುದುರೆ ಮಾತ್ರ ಪೂರ್ತಿಯಾಗಿ ನಿವೃತ್ತವಾಗಿಲ್ಲ. ಹಾವು ಕಡಿದವರಿಗೆ ಕೊಡುವ ಮದ್ದು ಇಂದಿಗೂ ಅದರ ರಕ್ತದಿಂದಲೇ ಬರುತ್ತದೆ. ಕಬಿನಿಯ ದಂಡೆಯ ರೈತನೊಬ್ಬ ಬದುಕಿ ಮನೆಗೆ ಬಂದು, ಹತ್ತನೆಯ ದಿನ ಮೊಣಕಾಲು ಹಿಡಿದು ಕುಳಿತರೆ, ವೈದ್ಯರ ಬಳಿಗೆ ಹೋಗಲಿ. ಆದರೆ ಹಾವಿನ ವಿಷ ಮೈಯಲ್ಲೇ ಉಳಿಯಿತೆಂದು ಕಂಗಾಲಾಗಬೇಕಾಗಿಲ್ಲ. ಅದು ಬಹುಶಃ ಕುದುರೆಯ ಋಣ.