ಕೆರೆಯಂಗಳದ ಕಾವಲು

ಅಮೃತಮಹಲ್ ದನಗಳೆಂದರೆ ಅವುಗಳ ಓಟ, ಕೊಂಬು, ಹೈದರ್ ಮತ್ತು ಟಿಪ್ಪುವಿನ ಫಿರಂಗಿ ಎಳೆದ ಎತ್ತುಗಳು ನೆನಪಾಗುತ್ತವೆ. ಅವು ಮೇಯುತ್ತಿದ್ದ ಕಾವಲುಗಳ ವಿಷಯ ಬಂದಾಗ ಮಾತ್ರ ಹುಲ್ಲುಗಾವಲು ಎಂದಷ್ಟೇ ಹೇಳಿ ಮುಂದೆ ಹೋಗುವುದು ರೂಢಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯಾಗಿದ್ದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದ ಈ ಇಲಾಖೆಯ ಕಾವಲುಗಳು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿದ್ದವು. ಬೇಸಿಗೆ ಕಾವಲುಗಳು ಬಹುಮಟ್ಟಿಗೆ ಕೆರೆಯಂಗಳಗಳೇ ಎಂದು 19ನೇ ಶತಮಾನದ ಮೈಸೂರು ಗೆಜೆಟಿಯರ್ ಹೇಳುತ್ತದೆ. ನೀರು ಹಿಂದೆ ಸರಿದಂತೆಲ್ಲ ಅಲ್ಲಿ ಹುಲ್ಲು ಚಿಗುರುತ್ತಿತ್ತು, ನಡುಹಗಲಿಗೆ ಮರದ ನೆರಳೂ ಇತ್ತು. ಮೂರರಲ್ಲಿ ಹೆಚ್ಚು ಬೆಲೆ ಇವಕ್ಕೇ, ಹೆಚ್ಚು ಬಿಗಿಯಾದ ಕಾವಲೂ ಇವಕ್ಕೇ. ಈ ವ್ಯವಸ್ಥೆಯ ಆಧಾರ ನೀರು ಎನ್ನಲು ನನಗೆ ಇಷ್ಟು ಸಾಕು.

ಮೇಯಿಸಿದ್ದು ಹುಲ್ಲಿಗಾಗಿ ತಾನೇ, ನೀರು ಅದರ ಜೊತೆಗೆ ಸಿಕ್ಕಿದ್ದಲ್ಲವೇ ಎಂದು ಕೇಳಬಹುದು. ಆದರೆ ದನದ ಹೊಟ್ಟೆಯಲ್ಲಿ ಇವೆರಡನ್ನೂ ಬೇರ್ಪಡಿಸಲಾಗದು. ಹಸಿಹುಲ್ಲಿನ ಮುಕ್ಕಾಲು ಪಾಲು ನೀರೇ. ಒಣಹುಲ್ಲಿನಲ್ಲಿ ಅದು ಹತ್ತನೇ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಬಿಸಿಲು ಏರಿ ಬಾಯಾರಿಕೆ ಹೆಚ್ಚುವ ಹೊತ್ತಿಗೇ ಮೇವಿನ ಮೂಲಕ ಸಿಗುತ್ತಿದ್ದ ನೀರೂ ಬಹುಪಾಲು ನಿಂತುಹೋಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಬದುಕುವುದು ದ್ರವದಲ್ಲಿ. ನೀರು ಸಾಲದಿದ್ದರೆ ದನ ಮೇವನ್ನೇ ಕಡಿಮೆ ಮಾಡುತ್ತದೆ, ಮುಂದೆ ಹುಲ್ಲಿನ ರಾಶಿಯೇ ಇದ್ದರೂ. ಹಸಿದ ಪ್ರಾಣಿ ತನ್ನ ಕೊಬ್ಬನ್ನು ಹೆಚ್ಚುಕಡಿಮೆ ಪೂರ್ತಿ, ಪ್ರೋಟೀನನ್ನು ಅರ್ಧದಷ್ಟು ಕಳೆದುಕೊಂಡೂ ಉಳಿದೀತು. ಮೈಯ ನೀರಿನಲ್ಲಿ ಹತ್ತನೇ ಒಂದು ಪಾಲು ಹೋದರೆ ಸಾಮಾನ್ಯವಾಗಿ ಜೀವಕ್ಕೇ ಕುತ್ತು.

ನಾಡತಳಿಗಳು ಗಟ್ಟಿ, ವಿದೇಶಿ ದನಗಳಿಗಿಂತ ಕಡಿಮೆ ನೀರಿನಲ್ಲಿ ಬಾಳುತ್ತವೆ ಎಂಬ ಆಕ್ಷೇಪ ಇದಕ್ಕಿಂತ ಬಲವಾದದ್ದು. ಮಾತು ನಿಜವೇ. ಆದರೂ ಆ ಗಟ್ಟಿತನವನ್ನೇ ನೆಚ್ಚಿಕೊಂಡು ಇಲಾಖೆ ದನಗಳನ್ನು ಬಯಲಿಗೆ ಬಿಡಲಿಲ್ಲ. ಋತುವಿಗೆ ತಕ್ಕಂತೆ ಕಾವಲಿಂದ ಕಾವಲಿಗೆ ಹೊಡೆದುಕೊಂಡು ಹೋಯಿತು. ತಾಳಿಕೆಗೊಂದು ಮಿತಿಯಿದೆಯೆಂದು ಗೊತ್ತಿದ್ದವರು ಮಾಡುವ ಕೆಲಸ ಅದು.

ಪುಸ್ತಕದ ವಿದ್ಯೆ ಬೇರೆ ದಾರಿ ಹಿಡಿಯಿತು. 1860ರ ದಶಕದಲ್ಲಿ ಜರ್ಮನಿಯ ವೀಂಡೆಯಲ್ಲಿ ವಿಜ್ಞಾನಿಗಳಾದ ಹೆನೆಬರ್ಗ್ ಮತ್ತು ಸ್ಟೋಮನ್ ರೂಪಿಸಿದ ಮೇವಿನ ವಿಶ್ಲೇಷಣೆಯಲ್ಲಿ ಮೊದಲ ಹೆಜ್ಜೆ ಒಣಗಿಸಿ ನೀರನ್ನು ಹೊರಹಾಕುವುದು; ಪ್ರೋಟೀನು, ಕೊಬ್ಬು, ನಾರು, ಬೂದಿ ಇವುಗಳ ಲೆಕ್ಕ ಆಮೇಲೆ. ಒಂದು ಮೇವನ್ನು ಇನ್ನೊಂದರೊಡನೆ ಹೋಲಿಸಲು ಇದು ಬೇಕಾದದ್ದೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಪೋಷಕಾಂಶಗಳ ಪಟ್ಟಿಯಲ್ಲಿ ನೀರು ಕೊನೆಗೆ ಉಳಿಯಿತು, ಎಷ್ಟೋ ಸಲ ಪಟ್ಟಿಯಿಂದಲೇ ಬಿಟ್ಟುಹೋಯಿತು. ಇತ್ತ ಮೈಸೂರಿನಲ್ಲಿ ಅದೇ ದಶಕದ ಮೊದಲಿಗೆ, 1860ರಲ್ಲಿ, ಮದ್ರಾಸ್ ಸರ್ಕಾರ ಖರ್ಚು ಹೆಚ್ಚೆಂದು ಅಮೃತಮಹಲನ್ನು ಮುಚ್ಚಿ ದನಗಳನ್ನು ಮಾರಿತು. ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ತೆರೆಯಬೇಕಾಯಿತು.

ಆಮೇಲಿನ ಕಾಲದಲ್ಲಿ ಕಾವಲುಗಳನ್ನು ಅಳೆದದ್ದು ಎಕರೆಯಲ್ಲಿ. ಚಳ್ಳಕೆರೆ ತಾಲ್ಲೂಕಿನ ವರವು, ಖುದಾಪುರ ಕಾವಲುಗಳು ಈ ಶತಮಾನದಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದಾಗಲೂ ಜನರ ಬಾಯಲ್ಲಿ ಹೆಚ್ಚಾಗಿ ಓಡಾಡಿದ್ದು ಎಕರೆಯ ಲೆಕ್ಕವೇ. ನೀರಿನ ಲೆಕ್ಕವೇ ಬೇರೆ: ಒಂದು ಕಿಲೋ ಒಣಮೇವಿಗೆ ದನಕ್ಕೆ ಮೂರರಿಂದ ಐದು ಲೀಟರ್ ನೀರು ಬೇಕು. ಎಂಟು ಕಿಲೋ ತಿನ್ನುವ ನೂರು ದನಗಳಿಗೆ ದಿನವೂ ಎರಡು ಸಾವಿರದ ನಾನೂರು ಲೀಟರಿಗೆ ಕಡಿಮೆಯಿಲ್ಲ. ಹುಲ್ಲನ್ನಾದರೆ ಗಾಡಿಯಲ್ಲಿ ಹೇರಿ ತರಬಹುದು.