ಚೋಮನ ಕೈ ಎದ್ದದ್ದು ಯಾರ ಮೇಲೆ?



ಸೇಡಂ ರಸ್ತೆಯ ಚಹಾದಂಗಡಿಯಲ್ಲಿ ನಿನ್ನೆ ಮತ್ತೆ ಅದೇ ಮಾತು: "ಅಣ್ಣಾವ್ರಂಥ ಗಂಡಸು ಸಿನಿಮಾದಾಗ ಇನ್ನೊಬ್ಬ ಹುಟ್ಟಲ್ಲ ಬಿಡ್ರಿ." ನಾನೂ ಅಭಿಮಾನಿನೇ. ಆದ್ರೆ 1972ರ 'ಬಂಗಾರದ ಮನುಷ್ಯ'ದ ರಾಜೀವ ಗಂಡಸು ಅನ್ನಿಸಿಕೊಂಡದ್ದು ಹೆಂಗೆ? ಗಂಡ ಸತ್ತ ಅಕ್ಕನ ಸಂಸಾರ ಹೊತ್ತ, ಬಂಜರು ನೆಲ ಹಸನು ಮಾಡಿದ. ನೀನು ನೇಗಿಲು ಹಿಡೀಬಾರ್ದು ಅಂತ ಯಾರೂ ಅವನ ಜಾತಿ ಎತ್ತಲಿಲ್ಲ.

ಮೂರೇ ವರ್ಷಕ್ಕೆ, 1975ರಲ್ಲಿ, 'ಚೋಮನ ದುಡಿ' ಬಂತು. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಚೋಮನಿಗೂ ಬೇಕಾದದ್ದು ಒಂದು ತುಂಡು ನೆಲ. ಎತ್ತು ಅವನ ಹತ್ರಾನೇ ಇದ್ವು. ಧಣಿ ಸಂಕಪ್ಪಯ್ಯ ಮನಸ್ಸು ಮಾಡಿದ್ರೂ ಅವನ ತಾಯಿ ಒಪ್ಪಲಿಲ್ಲ. ಹೊಲೆಯ ಬೇಸಾಯ ಮಾಡೋದುಂಟಾ?

ಆ ಹೊತ್ತಿಗೆ ದೇವರಾಜ ಅರಸರ 1974ರ ಭೂಸುಧಾರಣೆ ಜಾರಿಗೆ ಬಂದಿತ್ತು. ಉಳುವವನೇ ಒಡೆಯ, ಸರಿ. ಆದ್ರೆ ಭೂಮಿ ಬಂದದ್ದು ಗೇಣಿದಾರರಿಗೆ. ಚೋಮನಂಥ ಜೀತದಾಳು ಯಾವ ಅರ್ಜಿ ಹಾಕಬೇಕಿತ್ತು?

ದುಡಿದು ಸಾಕೋದು, ಮಕ್ಕಳನ್ನ ಕಾಯೋದು – ಗಂಡಸಿನ ಕೆಲಸ ಅಂತಾರಲ್ಲ, ಎರಡೂ ಅವನ ಕೈಯಿಂದ ಕಿತ್ಕೊಂಡ್ರು. ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಅಂತ ಯಾರೂ ಎತ್ತಲಿಲ್ಲ. ಸಾಲ ತೀರಿಸೋಕೆ ತೋಟಕ್ಕೆ ಹೋದ ಮಗಳು ಬೆಳ್ಳಿಯನ್ನ ಅಲ್ಲಿನ ರೈಟರ್ ಮನ್ವೇಲ ಬಳಸಿಕೊಂಡ.  ಅದು ಗೊತ್ತಾದಾಗ ಚೋಮ ಹೊಡೆದದ್ದು ಬೆಳ್ಳಿಗೆ, ಮನೆಯಿಂದ ಹೊರಗೆ ಹಾಕಿದ್ದು ಬೆಳ್ಳಿಯನ್ನೇ. ಆಮೇಲೆ ಬಾಗಿಲು ಹಾಕ್ಕೊಂಡು ದುಡಿ ಬಡೀತಾ ಸತ್ತ.

ಅಮೆರಿಕದ 'ಇನ್ ದಿ ಹೀಟ್ ಆಫ್ ದಿ ನೈಟ್' (1967) ನೋಡಿ. ಬಿಳಿಯ ಜಮೀನ್ದಾರ ಕಪ್ಪು ಪತ್ತೇದಾರನ ಕೆನ್ನೆಗೆ ಹೊಡೀತಾನೆ. ಸಿಡ್ನಿ ಪಾಟಿಯೇ ಆ ಕ್ಷಣಕ್ಕೇ ತಿರುಗಿ ಬಾರಿಸ್ತಾನೆ! ಅವನು ಪೊಲೀಸು, ಸಂಬಳ ಇತ್ತು, ಬಿಡಿ. ಚೋಮನ ಕೈ ಧಣಿ ಕಡೆ ಏಳಲೇ ಇಲ್ಲ. ಕಾದಂಬರಿ ಬರೋ ಆರು ವರ್ಷ ಮೊದಲೇ, 1927ರಲ್ಲಿ, ಬಾಬಾಸಾಹೇಬರು ಮಹಾಡ್ ಕೆರೆ ನೀರು ಮುಟ್ಟಿದ್ದರು. ನಮ್ಮ ಸಿನಿಮಾದ ದಲಿತ ಮಾತ್ರ ಒಳಗೆ ಕೂತು ಸಾಯಬೇಕಾಯ್ತು. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು, ಅಭಿನಯ ದೊಡ್ಡದೇ. ನನ್ನ ತಕರಾರು ಕಥೆ ಮೇಲೆ.

ಪೂರ್ತಿ ಸುಳ್ಳೂ ಅನ್ನಲಾರೆ. ನಮ್ಮಜ್ಜ ಜೀತ ಮಾಡಿದವ. ಗೌಡರ ಅಂಗಳದಾಗ ಚಪ್ಪಲಿ ಕೈಯಲ್ಲಿ, ತಲೆ ಕೆಳಗೆ. ರಾತ್ರಿ ಏಟು ಅಜ್ಜಿಗೆ. ನಮ್ಮ ಸಭೆಗಳಲ್ಲಿ ಮೊದಲನೇದು ಹೇಳ್ತೀವಿ, ಎರಡನೇದು ನುಂಗ್ತೀವಿ.

ಅವ್ವನಿಗೆ ಮೊಬೈಲ್‌ನಲ್ಲಿ ಆ ಸಿನಿಮಾ ತೋರಿಸಿದೆ. ಚೋಮನ ಸಾವಿಗೆ ಆಕೆ ಏನೂ ಅನ್ನಲಿಲ್ಲ. ಕೇಳಿದ್ದು ಇಷ್ಟೇ: "ಆ ಹುಡುಗಿ ಮುಂದ ಎಲ್ಲಿ ಹೋದ್ಳೋ ಯಪ್ಪಾ?"