ಅಕೌಸ್ಟಿಕ್ ಗಿಟಾರಿಗೆ ತನ್ನದೇ ದನಿ ಇಲ್ಲವೇ?

ದಾವಣಗೆರೆ ಜಿಲ್ಲೆಯಲ್ಲಿ ಗಿಟಾರ್ ಕಲಿಯಲು ಬರುವ ಹುಡುಗರು ಈಚೆಗೆ ಒಂದು ಮಾತನ್ನು ಸಲೀಸಾಗಿ ಆಡುತ್ತಾರೆ: ‘ಅಕೌಸ್ಟಿಕ್ ಯಾರು ನುಡಿಸಿದ್ರೂ ಒಂದೇ ಥರ ಕೇಳುತ್ತೆ ಸರ್. ಎಲೆಕ್ಟ್ರಿಕ್ ಆದ್ರೆ ಮಾತ್ರ ಇಂಥವರದೇ ಅಂತ ಗೊತ್ತಾಗೋದು.’ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿರುವುದೇ ಅಷ್ಟು. ಆದರೆ ಕಲಿಸುವವರೂ ಇದನ್ನೇ ಹೇಳತೊಡಗಿದ್ದಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ವೇದಿಕೆಗಳಲ್ಲಿ ಈ ವಾದ್ಯವನ್ನು ಹೊತ್ತು ತಿರುಗಿದವನಾಗಿ ನಾನು ಸುಮ್ಮನಿರಲಾರೆ.

ಹಳೆಯ ಕಥೆ ಬೇಗ ಮುಗಿಸುತ್ತೇನೆ. 19ನೇ ಶತಮಾನದಲ್ಲಿ ಸ್ಪೇನಿನ ಆಂಟೋನಿಯೊ ದೆ ಟೊರ್ರೆಸ್ ಗಿಟಾರಿನ ಒಡಲನ್ನು ಹಿಗ್ಗಿಸಿ ಇಂದಿನ ರೂಪ ಕೊಟ್ಟ. ಅಮೆರಿಕದಲ್ಲಿ 1833ರಲ್ಲಿ ಶುರುವಾದ ಮಾರ್ಟಿನ್ ಕಂಪನಿ ಮುಂದೆ ಉಕ್ಕಿನ ತಂತಿಯ ಗಿಟಾರಿಗೆ ಹೆಸರಾಯಿತು. ಬ್ಯಾಂಡಿನ ತುತ್ತೂರಿಗಳ ನಡುವೆ ಗಿಟಾರಿನ ಸದ್ದು ಕೇಳುತ್ತಿರಲಿಲ್ಲ. ಆ ಕೊರತೆ ನೀಗಲು 1930ರ ದಶಕದಲ್ಲಿ ರಿಕನ್‌ಬ್ಯಾಕರ್‌ನ ಎಲೆಕ್ಟ್ರಿಕ್ ಬಂತು. 1950ರಲ್ಲಿ ಫೆಂಡರ್, 1952ರಲ್ಲಿ ಗಿಬ್ಸನ್‌ನ ಲೆಸ್ ಪಾಲ್ ಬಂದವು. ಎಲೆಕ್ಟ್ರಿಕ್ ಹುಟ್ಟಿದ್ದು ಜೋರಾಗಿ ಕೇಳಲೆಂದು. ನುಡಿಸುವವನ ಗುರುತು ಮೂಡಿಸಲೆಂದು ಅಲ್ಲ. ಆ ಗುರುತು ಆಮೇಲೆ ಜಿಮಿ ಹೆಂಡ್ರಿಕ್ಸ್‌ರಂಥವರ ಕೈಯಿಂದ ಬಂತು.

ಅಕೌಸ್ಟಿಕ್‌ನಲ್ಲೂ ಗುರುತು ಬಂದದ್ದು ಕೈಯಿಂದಲೇ. 1928ರಲ್ಲಿ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸೆಟೆದುಹೋದ ಜಾಂಗೋ ರೈನ್‌ಹಾರ್ಟ್ ಉಳಿದ ಬೆರಳುಗಳಲ್ಲೇ ಓಡುವ ರೀತಿ ಕಂಡುಕೊಂಡ. ಬಾಲ್ಯದ ಪೋಲಿಯೊದಿಂದ ಎಡಗೈ ಬಲ ಕುಂದಿದ ಜೋನಿ ಮಿಚೆಲ್ ತಂತಿಗಳ ಶ್ರುತಿಯನ್ನೇ ಬದಲಿಸಿ ತಮ್ಮದೇ ಕಾರ್ಡ್‌ಗಳನ್ನು ಕಟ್ಟಿಕೊಂಡರು. ಮೈಕಲ್ ಹೆಜೆಸ್‌ನ 1984ರ ‘ಏರಿಯಲ್ ಬೌಂಡರೀಸ್’ ಕೇಳಿದವರು ಒಂದೇ ಗಿಟಾರ್ ಎಂದು ನಂಬುವುದು ಕಷ್ಟ. ಇವರಲ್ಲಿ ಒಬ್ಬರನ್ನು ಕೇಳಿ ಇನ್ನೊಬ್ಬರೆಂದು ತಿಳಿಯುವವರು ಯಾರೂ ಇಲ್ಲ.

ನಮ್ಮ ದೇಶದಲ್ಲಿ ಮಡಿಲ ಮೇಲೆ ಮಲಗಿಸಿ ನುಡಿಸುವ ಹವಾಯಿಯನ್ ಗಿಟಾರ್ ಮೊದಲು ಬೇರೂರಿತು. ಬ್ರಿಜ್ ಭೂಷಣ್ ಕಾಬ್ರಾ, ಆಮೇಲೆ ವಿಶ್ವಮೋಹನ ಭಟ್ಟರು ಅದಕ್ಕೆ ರಾಗ ಕಲಿಸಿದರು. ಕರ್ನಾಟಕ ಸಂಗೀತದಲ್ಲಿ ಯು. ಶ್ರೀನಿವಾಸರ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಗೆದ್ದ ಮೇಲೆ ಒಂದು ನಂಬಿಕೆ ಬಲವಾಯಿತು: ಗಮಕಕ್ಕೆ ನಾದ ಉಳಿಯಬೇಕು, ನಾದ ಉಳಿಯಬೇಕಾದರೆ ಕರೆಂಟ್ ಬೇಕು. ಮೈಸೂರಿನ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಕೇಳಿದವರಿಗೆ ಈ ವಾದ ಒಪ್ಪಿಗೆಯಾಗದು. ಆ ಮೀಟು ಹಲಸಿನ ಮರದೊಳಗೇ ಹುಟ್ಟಿ ಅಲ್ಲೇ ಮಾಗುತ್ತಿತ್ತು.

ನಮ್ಮ ನೆಲದ ತಂತಿವಾದ್ಯಗಳಿಗೆ ಬರೋಣ. ಜಗಳೂರಿನಿಂದ ದೂರವಿಲ್ಲದ ಉಚ್ಚಂಗಿದುರ್ಗದ ಕಡೆ ಜೋಗತಿಯರ ಕಂಕುಳಲ್ಲಿ ಚೌಡಿಕೆ ಇರುತ್ತದೆ. ಕೊಳಗದಂಥ ಮರದ ಒಡಲು, ಒಂದು ಕಡೆ ತೊಗಲು, ಅದರಿಂದ ಹೊರಟ ಒಂದೇ ತಂತಿ. ತಂತಿಯ ಬಿಗಿತವನ್ನು ಏರಿಸುತ್ತ ಇಳಿಸುತ್ತ ಮೀಟಿದರೆ ಸ್ವರ ಬಾಗುತ್ತದೆ, ತಾಳವೂ ಬೀಳುತ್ತದೆ. ತತ್ವಪದದವರ ಏಕತಾರಿಯೂ ಒಂದೇ ತಂತಿಯದು. ವಾದ್ಯ ಇಷ್ಟು ಸರಳವಾದರೂ ಊರವರು ದೂರದಿಂದಲೇ ‘ಇದು ಇಂಥವರ ಕೈ’ ಎನ್ನುತ್ತಿದ್ದರು. ಒಂದು ತಂತಿಗೆ ಸಾಧ್ಯವಾದದ್ದು ಆರು ತಂತಿಗೆ ಆಗುವುದಿಲ್ಲವೇ?

ಗಿಟಾರ್ ನಮ್ಮ ತಾಲೂಕುಗಳಿಗೆ ಬಂದದ್ದು ಸಿನಿಮಾ ಹಾಡಿನ ಬೆನ್ನು ಹತ್ತಿ. ಈ ಕಾಲದ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಬೇರೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಕನ್ನಡ ಚಿತ್ರರಂಗದ ದೊಡ್ಡ ಸಂಯೋಜಕ ಜಿ.ಕೆ. ವೆಂಕಟೇಶರ ಬಳಿ ಗಿಟಾರ್ ನುಡಿಸುತ್ತ ಸಹಾಯಕರಾಗಿದ್ದವರು ಇಳಯರಾಜ. ಅವರು 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ಕ್ಕೂ 1983ರಲ್ಲಿ ಮಣಿರತ್ನಂ ಅವರ ‘ಪಲ್ಲವಿ ಅನುಪಲ್ಲವಿ’ಗೂ ಸಂಗೀತ ಕೊಟ್ಟಾಗ ನಮ್ಮ ಪೀಳಿಗೆಗೆ ಗಿಟಾರಿನ ಹುಚ್ಚು ಹತ್ತಿತು. ‘ಜೊತೆಯಲಿ’, ‘ನಗುವ ನಯನ’ ಬರದವನನ್ನು ಯಾವ ಆರ್ಕೆಸ್ಟ್ರಾದವರೂ ಸೇರಿಸಿಕೊಳ್ಳುತ್ತಿರಲಿಲ್ಲ.

ಗಣಪತಿ ಪೆಂಡಾಲು, ಜಾತ್ರೆ, ರಾಜ್ಯೋತ್ಸವ, ಎಲ್ಲ ಕಡೆ ರಸಮಂಜರಿ. ಕೈಯಲ್ಲಿ ಕೋಲ್ಕತ್ತಾದಿಂದ ಬರುತ್ತಿದ್ದ ಗಿವ್ಸನ್ ಗಿಟಾರ್, ಎದುರಿಗೆ ಒಂದು ಮೈಕು, ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರು. ಆ ಸ್ಪೀಕರಿನಲ್ಲೂ ಕೈ ಬೇರೆ ಬೇರೆ ಕೇಳುತ್ತಿತ್ತು. ನ್ಯಾಮತಿ ಕಡೆಯ ಒಬ್ಬರು ಅಡಿಕೆ ಸುಲಿದು ಉಗುರು ಉಳಿಯದೆ ಹೆಬ್ಬೆರಳಿನ ಮಾಂಸಲ ಭಾಗದಿಂದಲೇ ಮೀಟುತ್ತಿದ್ದರು. ಅವರ ಕೆಳತಂತಿಗಳು ದುಂಡಗೆ, ಮೆತ್ತಗೆ ಕೇಳುತ್ತಿದ್ದವು. ಜಗಳೂರಿನ ಇನ್ನೊಬ್ಬರು ಆರನೆಯ ತಂತಿಯನ್ನು ಒಂದು ಸ್ವರ ಇಳಿಸಿ, ಅಂಗೈಯ ಬುಡವನ್ನು ಬ್ರಿಡ್ಜ್ ಮೇಲೆ ಊರಿ ನಾದವನ್ನು ಅರ್ಧ ಒತ್ತಿಹಿಡಿದು ಹೊಡೆಯುತ್ತಿದ್ದರು. ಚೌಡಿಕೆಯ ಗುಂಗು ಅದು. ಅವರು ಅದನ್ನು ಯಾರಿಂದಲೂ ಕಲಿತಿರಲಿಲ್ಲ, ಮನೆಯಂಗಳದಲ್ಲಿ ಕೇಳಿ ಬೆಳೆದಿದ್ದರು. ನನ್ನ ಮಟ್ಟಿಗೆ ಆ ಕಾಲದ ಅತ್ಯುತ್ತಮ ರಿದಮ್ ಗಿಟಾರ್ ಅವರದೇ.

ಹವೆಯೂ ದನಿಯಲ್ಲಿ ಸೇರುತ್ತದೆ ಎಂಬುದನ್ನು ಊರೂರು ತಿರುಗಿದವರು ಬಲ್ಲರು. ಚನ್ನಗಿರಿಯಲ್ಲಿ ಭದ್ರಾ ನೀರು, ಸೂಳೆಕೆರೆ, ಅಡಿಕೆ ತೋಟ. ಮಳೆಗಾಲದಲ್ಲಿ ಗಿಟಾರಿನ ಮೇಲ್ಹಲಗೆ ತೇವ ಹೀರಿ ಉಬ್ಬುತ್ತದೆ, ತಂತಿ ಫ್ರೆಟ್‌ನಿಂದ ಮೇಲೇಳುತ್ತದೆ, ನಾದ ಮಂದವಾಗುತ್ತದೆ. ಅದೇ ಗಿಟಾರನ್ನು ಬೇಸಿಗೆಯಲ್ಲಿ ಜಗಳೂರಿಗೆ ಒಯ್ದರೆ ಮರ ಒಣಗಿ ಕುಗ್ಗುತ್ತದೆ, ಫ್ರೆಟ್‌ನ ತುದಿಗಳು ಅಂಗೈಗೆ ಚುಚ್ಚುತ್ತವೆ, ದನಿ ಗರಿಗರಿಯಾಗುತ್ತದೆ. ಮೇಲ್ಹಲಗೆ ಒಂದೇ ಮರದ್ದಾಗಿದ್ದರೆ ಈ ವ್ಯತ್ಯಾಸ ಸ್ಪಷ್ಟ. ಪ್ಲೈವುಡ್‌ನದಾದರೆ ಕಡಿಮೆ. ಇಂದಿನ ಅಗ್ಗದ ಗಿಟಾರುಗಳಲ್ಲಿ ಹೆಚ್ಚಿನವು ಪ್ಲೈವುಡ್‌ನವು. ‘ಎಲ್ಲಾ ಒಂದೇ ಥರ’ ಎನ್ನುವ ದೂರಿನ ಅರ್ಧ ಪಾಲು ಆ ಹಲಗೆಗೆ ಸೇರಬೇಕು.

1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಬಂದು ಹಾಡಿನ ಸದ್ದೇ ಬದಲಾಯಿತು. ಸಂಗೀತವಾಗಿ ಅದು ಹೊಸ ದಾರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸದ್ದನ್ನು ವೇದಿಕೆಗೆ ತರಲು ಆರ್ಕೆಸ್ಟ್ರಾಗಳು ಕೀಬೋರ್ಡ್, ರಿದಮ್ ಪ್ಯಾಡ್ ಕೊಂಡವು. ಗಿಟಾರಿನವನಿಗೆ ಕೊಡುತ್ತಿದ್ದ ಸಂಭಾವನೆ ಉಳಿಯಿತು. ಕೈ ಬೆಳೆಯುತ್ತಿದ್ದ ಕಾಲದಲ್ಲೇ ಹಲವರು ಅಂಗಡಿ, ತೋಟ, ನೌಕರಿ ಎಂದು ಹೊರಟುಹೋದರು. ಗಿಟಾರ್ ಮತ್ತೆ ವೇದಿಕೆಗೆ ಬಂದಾಗ ಅದಕ್ಕೊಂದು ಕೇಬಲ್ ಅಂಟಿತ್ತು. ಬ್ರಿಡ್ಜ್‌ನ ಸ್ಯಾಡಲ್ ಕೆಳಗೆ ಕೂತ ಪೀಜೊ ಪಿಕಪ್ ತಂತಿಯ ಒತ್ತಡವನ್ನಷ್ಟೇ ಹಿಡಿಯುತ್ತದೆ. ಹಲಗೆಯ ಕಂಪನ, ಒಡಲಿನ ಗಾಳಿ, ಬೆರಳು ಜಾರುವ ಸದ್ದು ಬಹುಮಟ್ಟಿಗೆ ಅದಕ್ಕೆ ಸಿಗುವುದಿಲ್ಲ. ಸೌಂಡ್‌ನವರಿಗೆ ಅದು ಸುಲಭ, ಮೈಕಿನಷ್ಟು ಸೀಟಿ ಹೊಡೆಯುವುದಿಲ್ಲ. ಆದರೆ ಸಾವಿರದ ಗಿಟಾರೂ ಲಕ್ಷದ ಗಿಟಾರೂ ಆ ವೈರಿನಲ್ಲಿ ಹತ್ತಿರ ಹತ್ತಿರ ಬಂದುಬಿಡುತ್ತವೆ. ಎಲೆಕ್ಟ್ರಿಕ್‌ನ ಪಿಕಪ್ಪು, ಆಂಪ್ಲಿಫೈಯರು, ಪೆಡಲ್ಲು ಆ ವಾದ್ಯದ್ದೇ ಅಂಗಗಳು. ಅಲ್ಲಿ ಕರೆಂಟೇ ದನಿ ಕಟ್ಟುತ್ತದೆ. ಅಕೌಸ್ಟಿಕ್‌ಗೆ ಬರಿಯ ಪೀಜೊ ಸಿಕ್ಕಿಸಿ ಇವೆರಡನ್ನು ಹೋಲಿಸುವುದು ನ್ಯಾಯವಲ್ಲ.

ಬೆಂಗಳೂರು, ಮೈಸೂರಿನಲ್ಲಿ ಒಳ್ಳೆಯ ಕೆಲಸವಾಗಿದೆ. ರಘು ದೀಕ್ಷಿತ್ ತಮ್ಮ 2008ರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಪದವನ್ನು ಗಿಟಾರಿನ ಸ್ಟ್ರಮ್ಮಿಂಗ್ ಮೇಲೆ ನಿಲ್ಲಿಸಿದರು. ಅಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬಲಗೈ ಪದದ ಒತ್ತಕ್ಷರಗಳ ಜೊತೆ ಬೀಳುವ ರೀತಿ. ಅವರ ತಂಡದಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೂಡ ಇದೆ, ಆದರೂ ಹಾಡಿನ ನಡಿಗೆ ಅಕೌಸ್ಟಿಕ್‌ನದು. ಸ್ವರಾತ್ಮ ತಂಡವೂ ಜನಪದದ ಕಡೆಯಿಂದಲೇ ಬಂತು. ಅತಿ ವೇಗದ ಬೆರಳಾಟದ ವಿಡಿಯೊಗಳನ್ನು ನೋಡಿ ಕಲಿಯುವ ಪಂಥಕ್ಕಿಂತ ಈ ದಾರಿ ಹೆಚ್ಚು ಫಲ ಕೊಟ್ಟಿದೆ ಎಂಬುದು ನನ್ನ ಅಭಿಪ್ರಾಯ. ಆ ವಿಡಿಯೊಗಳಲ್ಲಿ ಕೌಶಲವಿದೆ, ಊರಿಲ್ಲ.

ಆಗದೆ ಉಳಿದ ಕೆಲಸ ಬಹಳ. ನಮ್ಮ ಸಿನಿಮಾ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ಗಾಯಕರ, ಸಾಹಿತಿಗಳ ಹೆಸರಿರುತ್ತಿತ್ತು, ಗಿಟಾರ್ ನುಡಿಸಿದವರದು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಹೀಗಾಗಿ ಯಾವ ಕೈ ಯಾರದೆಂದು ಕಿವಿಯಿಂದಲೇ ಗುರುತಿಸಬೇಕಾಗಿದೆ. ಈ ನಾಲ್ಕು ತಾಲೂಕುಗಳ ಆರ್ಕೆಸ್ಟ್ರಾ ಗಿಟಾರಿಗರಲ್ಲಿ ನನಗೆ ಗೊತ್ತಿರುವ ಒಬ್ಬರದೂ ಸರಿಯಾದ ಧ್ವನಿಮುದ್ರಣವಿಲ್ಲ. ಡೊಳ್ಳಿನ, ಚೌಡಿಕೆಯ ಪೆಟ್ಟುಗಳನ್ನು ಬಲಗೈಗೆ ಇಳಿಸಿ ಬರೆದ ಪಾಠ ನಾನು ಎಲ್ಲೂ ಕಂಡಿಲ್ಲ. ಮಕ್ಕಳು ಗ್ರೇಡ್ ಪರೀಕ್ಷೆಗೆ ಪರದೇಶದ ತುಣುಕುಗಳನ್ನು ಒಪ್ಪವಾಗಿ ನುಡಿಸುತ್ತಾರೆ. ಆರನೆಯ ತಂತಿ ಇಳಿಸಿ ಒಂದು ತತ್ವಪದಕ್ಕೆ ಕೂಡಿಸು ಎಂದರೆ ತಬ್ಬಿಬ್ಬಾಗುತ್ತಾರೆ.

ದೊಡ್ಡ ಸ್ಟುಡಿಯೊ ಬೇಕಿಲ್ಲ. ಕಂಡೆನ್ಸರ್ ಮೈಕು ಒಂದನ್ನು ಹನ್ನೆರಡನೆಯ ಫ್ರೆಟ್‌ನ ಎದುರಿಗೆ, ಒಂದು ಅಡಿ ದೂರದಲ್ಲಿಟ್ಟು ಮುದ್ರಿಸಿದರೆ ಸಾಕು. ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ ಆ ಕಾಲದವರು ಇನ್ನೂ ಇದ್ದಾರೆ. ಕೆಲವರ ಬೆರಳು ಈಗಲೂ ಓಡುತ್ತವೆ, ಕೆಲವರವು ಸಂಧಿವಾತದಿಂದ ನಿಂತಿವೆ. ಮೊದಲು ಹೋಗಬೇಕಾದದ್ದು ಬೆರಳು ಓಡುತ್ತಿರುವವರ ಮನೆಗೆ, ಈ ಮಳೆಗಾಲದೊಳಗೆ.